ಅಮ್ಮ ಬಂದ ಮನೆಯಲ್ಲಿ ನಾನು ಬೈದದ್ದು

ಆಗ ನನಗೆ ಐವತ್ತೊಂದೋ ಐವತ್ತೆರಡೋ. ಹುಟ್ಟಿದ ದಿನವನ್ನು ಬರೆದಿಟ್ಟವರಿಲ್ಲ. ಅದಾಗಿ ಈಗ ಎಂಟು ವರ್ಷ. ಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ದಮ್ಮು ಹತ್ತಿದವರ ಹಾಗೆ ಓಡುತ್ತಿದ್ದವು.

ನಮ್ಮದು ಕುರುಗೋಡು. ಮನೆಯಲ್ಲಿ ನಾಲ್ಕು ಜನ. ನಾನು, ನನ್ನ ಒಬ್ಬನೇ ಮಗ ಬಸಣ್ಣ, ಅವನ ಹೆಂಡತಿ ನೀಲಮ್ಮ, ನನ್ನ ಗಂಡನ ಅಕ್ಕ ಹಂಪಮ್ಮ. ಗಂಡ ಹೋಗಿ ಹತ್ತು ವರ್ಷವಾಗಿತ್ತು. ಬಸಣ್ಣ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಹತ್ತಿ ಅಂಗಡಿಯಲ್ಲಿ ಅಂಡಿಗೆ ಹೊರುತ್ತಿದ್ದ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ.

ಇದನ್ನು ಬರೆಯಬೇಕು ಅನ್ನಿಸಿದ್ದು ಹೋದ ತಿಂಗಳು. ಮಠದಲ್ಲಿ ಪುರಾಣ ಹೇಳುವ ಅಯ್ಯನವರು, ಸಿಟ್ಟು, ದುಃಖ, ಹೆದರಿಕೆ, ಆಸೆ ಇವು ಇಲ್ಲದೆ ಹೋಗಿದ್ದರೆ ಮನುಷ್ಯ ಕುಲ ಎಷ್ಟು ಸುಖವಾಗಿರುತ್ತಿತ್ತು ಎಂದರು. ಕೂತವರೆಲ್ಲ ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಅಂಥ ಮನೆಯಲ್ಲಿ ನಾನು ಒಂಬತ್ತು ದಿನ ಇದ್ದವಳು. ಅಯ್ಯನವರು ಇದ್ದಿರಲಿಕ್ಕಿಲ್ಲ. ಅಕ್ಷರ ನನಗೆ ತಡವಾಗಿ ಬಂದದ್ದು. ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಲಿ. ವಿಷಯದಲ್ಲಿ ತಪ್ಪಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ನೀಲಮ್ಮ ಸಿರುಗುಪ್ಪದ ತವರಿನಲ್ಲಿ ಹದಿನೈದು ದಿನ ಇದ್ದು ಬಂದಿದ್ದಳು. ಹದಿನೇಳರ ಹುಡುಗಿ. ಮದುವೆಯಾಗಿ ಎರಡು ವರ್ಷ. ಬಂದ ಸಂಜೆಯೇ ಸೊಂಟ ನೋವು ಅಂದಳು. ಬಸ್ಸಿನ ಕುಲುಕಾಟ, ಎದ್ದು ಹಿಟ್ಟು ನಾದು ಅಂದೆ. ತವರಿನಿಂದ ಬಂದ ಸೊಸೆಗೆ ಎರಡು ದಿನ ಸೊಂಟ ನೋಯುವುದು ಇದ್ದದ್ದೇ ಎಂದು ನನ್ನ ಎಣಿಕೆ. ರೊಟ್ಟಿ ಬಡಿಯುತ್ತ ಬಡಿಯುತ್ತ ಒಲೆಯ ಮುಂದೆಯೇ ಒರಗಿದಳು. ಹಣೆ ಮುಟ್ಟಿದೆ. ಹಂಚಿನಷ್ಟೇ ಬಿಸಿ.

ಮೂರು ದಿನ ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲ ಬೆಳಕಿಗೆ ಗಲ್ಲ ಎತ್ತಿ ನೋಡಿದೆ. ಹಣೆಯ ಮೇಲೆ, ತುಟಿಯ ಒಳಗೆ, ಸಜ್ಜೆ ಕಾಳಿನಂಥ ಗುಳ್ಳೆಗಳು.

ಅಮ್ಮ ಬಂದಿದ್ದಳು.

ಸಿಡುಬು ಅನ್ನುವುದು ಆಸ್ಪತ್ರೆಯವರು ಇಟ್ಟ ಹೆಸರು. ನಮಗೆ ಅವಳು ಅಮ್ಮ, ದೇವಿ. ಗುರುತು ಹಿಡಿಯಲು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆರು ವರ್ಷದವಳಿದ್ದಾಗ ನನಗೂ ಬಂದು ಹೋಗಿದ್ದಾಳೆ. ನನ್ನ ಮುಖದ ತುಂಬ ಅವಳು ಬಿಟ್ಟುಹೋದ ಕುಳಿಗಳಿವೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಹಂಪಮ್ಮನಿಗೂ ಬಂದು ಹೋಗಿತ್ತು. ನೀಲಮ್ಮನಿಗೆ ಸಿಡುಬಿನ ಚುಚ್ಚು ಹಾಕಿಸಿರಲಿಲ್ಲ. ಸಿರುಗುಪ್ಪಕ್ಕೆ ಚುಚ್ಚುವವರು ಬಂದಾಗಲೆಲ್ಲ ಅವರವ್ವ ಅವಳನ್ನು ಭತ್ತದ ಕಣಜದ ಹಿಂದೆ ಕೂರಿಸುತ್ತಿದ್ದಳಂತೆ. ಹಿಂದೊಮ್ಮೆ ಅದನ್ನು ಅವಳೇ ನಗುತ್ತ ಹೇಳಿದ್ದಳು. ನಾನೂ ನಕ್ಕಿದ್ದೆ.

ಆ ಹೊತ್ತಿನಿಂದ ಮನೆ ಹಂಪಮ್ಮನ ಕೈಗೆ ಹೋಯಿತು. ಓಣಿಯಲ್ಲಿ ಯಾರ ಮನೆಗೆ ಅಮ್ಮ ಬಂದರೂ ಅವಳನ್ನೇ ಕರೆಯುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಹಾಸಿಗೆಯ ಸುತ್ತ ಅರಿಸಿನ ನೀರು ಚಿಮುಕಿಸಿದಳು. ಒಗ್ಗರಣೆ ನಿಂತಿತು. ತಲೆ ಬಾಚುವುದು ನಿಂತಿತು. ಬಸಣ್ಣನಿಗೆ ಊರ ಕಡೆ ಬರಬೇಡ ಎಂದು ಹೇಳಿ ಕಳಿಸಿದಳು. ಅಮ್ಮ ಇರುವಾಗ ಗಂಡ ಹೊಸ್ತಿಲು ದಾಟಬಾರದು.

ಇವೆಲ್ಲ ಸಣ್ಣ ಕಟ್ಟಳೆಗಳು. ದೊಡ್ಡದು ಬೇರೆ ಇದೆ. ಅಮ್ಮ ಬಂದ ಮನೆಯಲ್ಲಿ ಅಳಬಾರದು. ಸಿಟ್ಟು ಮಾಡಬಾರದು. ಗಟ್ಟಿಯಾಗಿ ನಗಬಾರದು. ಹೆದರಿದ ಮುಖ ತೋರಿಸಬಾರದು. ಮಲಗಿದವರನ್ನು ಹೆಸರು ಹಿಡಿದು ಕರೆಯಬಾರದು, ಯಾಕೆಂದರೆ ಮಲಗಿರುವುದು ಅವರಲ್ಲ, ದೇವಿ. ಅವಳು ಬೇಕು ಅಂದದ್ದು ಕೊಡಬೇಕು. ಬೇಡ ಅಂದದ್ದನ್ನು ಒತ್ತಾಯ ಮಾಡಬಾರದು. ಜೀವ ಹೋದರೂ ಬಾಯಿ ತೆರೆದು ಅಳುವ ಹಾಗಿಲ್ಲ. ಅತ್ತರೆ ಅವಳು ಮುನಿಯುತ್ತಾಳೆ. ಮುನಿದರೆ ಪಕ್ಕದ ಹಾಸಿಗೆಗೆ ಹೋಗುತ್ತಾಳೆ.

ಇದು ನನಗೆ ಹೊಸದಲ್ಲ. ನನಗೆ ಬಂದಾಗ ನನ್ನ ತಮ್ಮನೂ ಪಕ್ಕದಲ್ಲೇ ಮಲಗಿದ್ದ. ಒಂದು ಬೆಳಿಗ್ಗೆ ಅವನ ಹಾಸಿಗೆ ಖಾಲಿ. ಕೇಳಿದರೆ ಸೋದರಮಾವನ ಮನೆಗೆ ಹೋಗಿದ್ದಾನೆ ಅಂದರು. ಅವ್ವನ ಮುಖ ಒಣಗಿದ ಗೋಡೆಯ ಹಾಗಿತ್ತು. ಎರಡು ತಿಂಗಳಾದ ಮೇಲೆ ನನಗೆ ಗೊತ್ತಾಯಿತು. ಅವ್ವ ಆಮೇಲೂ ಅಳಲಿಲ್ಲ. ಅಳಬೇಕಾದ ಹೊತ್ತು ಮೀರಿ ಹೋಗಿತ್ತೋ ಏನೋ. ನಾನು ಅವ್ವನ ಮಗಳು. ಗಂಡನನ್ನು ಸುಡುಗಾಡಿಗೆ ಒಯ್ದ ದಿನವೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಓಣಿಯವರು ನನ್ನನ್ನು ಕಲ್ಲು ಅನ್ನುತ್ತಿದ್ದರು. ಅನ್ನಲಿ ಎಂದು ಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಅದು ನನಗೆ ಹೆಮ್ಮೆಯೇ ಆಗಿತ್ತು.

ಆದ್ದರಿಂದ ಕಟ್ಟಳೆ ಪಾಲಿಸುವುದು ಯಾರಿಗಾದರೂ ಸುಲಭವಾಗಿದ್ದರೆ ನನಗೇ. ಪಾಲಿಸಿದೆ ಕೂಡ. ಬೇವಿನ ಕಡ್ಡಿಯಿಂದ ಮೈ ಸವರಿದೆ. ಬಾಳೆ ಎಲೆ ತಂದು ಹಾಸಿದೆ. ಕೀವು ತುಂಬಿ ಮೈ ನಾರಿದಾಗಲೂ ಮೂಗು ಮುಚ್ಚಲಿಲ್ಲ. ಇದರ ಮಟ್ಟಿಗೆ ಕಟ್ಟಳೆ ಒಳ್ಳೆಯದೇ. ಗಾಬರಿ ಬಿದ್ದವರು ರೋಗಿಯ ಹತ್ತಿರ ಇದ್ದು ಉಪಯೋಗವಿಲ್ಲ.

ಮನೆ ಎಷ್ಟು ಶಾಂತವಾಗಿತ್ತು ಎಂದರೆ ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿ ಬೆರಗಾದರು. ನೀಲಮ್ಮ ಬಂದ ಎರಡು ವರ್ಷದಲ್ಲಿ ನಾನೂ ಅವಳೂ ಜಗಳವಾಡದ ದಿನವಿರಲಿಲ್ಲ. ಅವಳಿಗೆ ಬಾಯಿ ಜೋರು. ನನಗೆ ಇನ್ನೂ ಜೋರು. ಅಂಗಳಕ್ಕೆ ನೀರು ಹೆಚ್ಚು ಹೊಯ್ದಳೆಂದು ನಾನು, ಹೊಯ್ದರೇನಾಯಿತು ಎಂದು ಅವಳು. ಸಿಟ್ಟು ಬಂದರೆ ಅಳುತ್ತಿದ್ದಳು, ಅತ್ತ ಮೇಲೆ ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು. ಈಗ ನಾನು ಹದಿನೇಳರ ಹುಡುಗಿಗೆ ಕೈಮುಗಿದು, ತಾಯಿ, ಒಂದು ಗುಟುಕು ತಗೋರಿ ಅನ್ನುತ್ತಿದ್ದೆ. ಗೋಡೆಯಾಚೆಯ ಹೆಂಗಸು, ನಿಮ್ಮನಿ ವರ್ಷೆಲ್ಲಾ ಹಿಂಗ ಇದ್ರ ಎಷ್ಟು ಚಂದ ಅಂದಳಂತೆ.

ನನಗೂ ಮೊದಲು ಹಾಗೇ ಅನ್ನಿಸಿತು.

ಅಮ್ಮ ಬಂದ ಆರನೆಯ ದಿನ ಗುಳ್ಳೆಗಳು ತುಂಬಿದವು. ಕಣ್ಣಿನ ರೆಪ್ಪೆಗಳು ಬಾತು ಮುಚ್ಚಿಕೊಂಡವು. ಬಾಯೊಳಗೆಲ್ಲ ಹುಣ್ಣು. ಎಂಟನೆಯ ದಿನ ಗಂಜಿಯ ಬಟ್ಟಲು ಮುಟ್ಟಿಸಿದರೆ ಒಲ್ಲೆ ಅಂದಳು. ಮಜ್ಜಿಗೆಯೂ ಒಲ್ಲೆ. ಹಂಪಮ್ಮ ಕೈಮುಗಿದು ಬಟ್ಟಲು ಹಿಂದೆ ತೆಗೆದಳು. ತಾಯಿಯ ಚಿತ್ತ ಅಂದಳು. ಸಂಜೆಯೂ ಹಾಗೇ ಆಯಿತು. ಹಂಪಮ್ಮ ಕೆಟ್ಟವಳಲ್ಲ. ಅವಳ ಕಣ್ಣಿಗೆ ಅಲ್ಲಿ ಹುಡುಗಿ ಕಾಣುತ್ತಿರಲಿಲ್ಲ, ಅಷ್ಟೇ. ದೇವಿ ಒಲ್ಲೆ ಅಂದಳು ಎಂದು ಅವಳು ತಿಳಿದಳು. ಹಸಿದು ಬಿದ್ದವಳು ನಮ್ಮ ಸೊಸೆ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಬಳ್ಳಾರಿ ಬಸ್ಸು ಹತ್ತಿದೆ. ಹಂಪಮ್ಮನಿಗೆ ಬೇವು ತರಲು ಹೋಗುತ್ತೇನೆ ಅಂದೆ. ಸುಳ್ಳು. ಬಸ್ಸಿನಲ್ಲಿ ಹೋಗಿದ್ದೂ ತಪ್ಪು. ಅದು ನನಗೆ ಆಗ ತಿಳಿದಿರಲಿಲ್ಲ.

ಬ್ರೂಸ್‌ಪೇಟೆಯಲ್ಲಿ ಬಸಣ್ಣ ಅಂಡಿಗೆಗಳ ನಡುವೆ ಕೂತಿದ್ದ. ಗಡ್ಡ ಬೆಳೆದಿತ್ತು. ನನ್ನ ಕಂಡು ಎದ್ದು ನಿಂತ. ದೇವಿ ಹೇಗಿದ್ದಾಳೆ ಎಂದು ಕೇಳಿದ. ಹೆಂಡತಿ ಹೇಗಿದ್ದಾಳೆ ಎಂದು ಕೇಳುವ ಹಾಗಿಲ್ಲ, ಅದಕ್ಕೆ. ಅವನ ಮುಖದಲ್ಲೂ ಏನೂ ಇರಲಿಲ್ಲ. ಹದಿನೇಳು ಮೈಲಿ ಆಚೆಯೂ ಕಟ್ಟಳೆ ಪಾಲಿಸುತ್ತಿದ್ದ, ನನ್ನ ಮಗ. ಇಬ್ಬರೂ ಆಸ್ಪತ್ರೆಗೆ ನಡೆದೆವು.

ಡಾಕ್ಟರು ತೆಲುಗಿನವರು. ಕನ್ನಡವನ್ನು ಎಳೆದು ಎಳೆದು ಆಡುತ್ತಿದ್ದರು. ನನ್ನ ಮುಖದ ಕುಳಿಗಳನ್ನು ನೋಡಿದರು, ಆಮೇಲೆ ಮಾತು ಕೇಳಿದರು.

"ಪೇಶಂಟು ಏನು ಕುಡಿತಾಳಮ್ಮಾ?"

"ನಿನ್ನೆಯಿಂದ ಏನೂ ಒಲ್ಲೆ ಅಂತಾಳ್ರಿ."

"ಒಲ್ಲೆ ಅಂದರೆ ನೀವು ಏನು ಮಾಡ್ತೀರಿ?"

"ಕೈ ಮುಗೀತೀವ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬೈದರು. ಅಂಥ ಬೈಗಳನ್ನು ನಾನು ಗಂಡನಿಂದಲೂ ತಿಂದಿರಲಿಲ್ಲ. ಅರ್ಧ ತೆಲುಗು, ಅರ್ಧ ಕನ್ನಡ. ಈ ರೋಗಕ್ಕೆ ನನ್ನ ಹತ್ತಿರ ಔಷಧವಿಲ್ಲ, ಇರುವ ಔಷಧ ನೀರು ಮತ್ತು ಗಂಜಿ, ಅದನ್ನೂ ನಿಲ್ಲಿಸಿ ಕೂತಿದ್ದೀರಿ ಅಂದರು. ಇನ್ನೆರಡು ದಿನ ಹೊಟ್ಟೆಗೆ ನೀರು ಹೋಗದಿದ್ದರೆ ಉಳಿಯುವುದಿಲ್ಲ ಅಂದರು. ಸಿಡುಬಿನ ಮನೆಯಿಂದ ಬಸ್ಸಿನಲ್ಲಿ ಬಂದೆಯಾ ಎಂದು ಕೇಳಿ, ಹೌದು ಅಂದದ್ದಕ್ಕೆ ಮೇಜು ಗುದ್ದಿದರು. ಐಸೊಲೇಷನ್ ವಾರ್ಡಿಗೆ ಮೊದಲ ದಿನವೇ ತರಬೇಕಿತ್ತು, ಈಗ ಬಂಡಿಯಲ್ಲಿ ಕುಲುಕಿಸಿದರೆ ದಾರಿಯಲ್ಲೇ ಹೋಗುತ್ತಾಳೆ, ಮನೆಯಲ್ಲೇ ನೋಡಿಕೊಳ್ಳಿ ಅಂದರು. ಕಣ್ಣು ತೊಳೆಯಲು ಬೋರಿಕ್ ಪೌಡರ್ ಪೊಟ್ಟಣ ಕೊಟ್ಟರು. ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ಹತ್ತಿಯಿಂದ, ದಿನಕ್ಕೆ ನಾಲ್ಕು ಸಲ. ನರ್ಸು ಬಸಣ್ಣನ ತೋಳಿಗೆ ಚುಚ್ಚಿದಳು.

ಮತ್ತೆ ಬಸ್ಸು ಹತ್ತಿದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಡಾಕ್ಟರು ಅಂದಿದ್ದರು. ನಡೆದೆ. ಬಸಣ್ಣ ಜೊತೆಗೆ ಬರುತ್ತೇನೆ ಅಂದ. ಬೇಡ, ಚುಚ್ಚು ಹಾಕಿಸಿಕೊಂಡ ತೋಳು, ಇಲ್ಲೇ ಇರು ಅಂದೆ. ಅವನು ಊರ ಹೊರಗಿನ ತನಕ ಬಂದು ನಿಂತ.

ಬಿಸಿಲಿನಲ್ಲಿ ಹದಿನೇಳು ಮೈಲಿ. ಕರಿ ಮಣ್ಣಿನ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಹತ್ತಿ ಬಿಡಿಸಿ ಮುಗಿದಿತ್ತು. ಐವತ್ತು ದಾಟಿದ ಹೆಂಗಸು ನಾನು, ಎಲ್ಲೂ ಕೂರಲಿಲ್ಲ. ಎರಡು ಕಡೆ ಬಾವಿಯಲ್ಲಿ ನೀರು ಕುಡಿದದ್ದು ಬಿಟ್ಟರೆ ನಿಲ್ಲಲೂ ಇಲ್ಲ. ಬೆಳಿಗ್ಗೆ ಬಸ್ಸು ಹತ್ತುವಾಗ ಕಾಲಲ್ಲಿ ಜೀವವಿರಲಿಲ್ಲ. ಈಗ ಎಲ್ಲಿಂದ ಬಂತು ಎಂದು ಯೋಚಿಸಿದೆ. ಹೊತ್ತು ಇಳಿಯುವ ತನಕ ಅದನ್ನೇ ಯೋಚಿಸಿದೆ. ಒಂಬತ್ತು ದಿನದಿಂದ ನನಗೆ ಯಾರೂ ಬೈದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ, ನಕ್ಕಿರಲಿಲ್ಲ. ಮನೆಯಲ್ಲಿ ನಾನೂ ಹಂಪಮ್ಮನೂ ನೀರಿನಡಿಯಲ್ಲಿ ಇದ್ದವರ ಹಾಗೆ ಓಡಾಡುತ್ತಿದ್ದೆವು. ಡಾಕ್ಟರು ಮೇಜು ಗುದ್ದಿದ್ದೇ ತಲೆ ನೀರಿನಿಂದ ಮೇಲೆ ಬಂದ ಹಾಗಾಯಿತು. ಅವರಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಯಾಕೆಂದರೆ ಹುಡುಗಿ ಉಳಿಯಬಹುದು ಎಂದು ಅವರಿಗೆ ಅನ್ನಿಸಿತ್ತು. ಸಾಯುವುದು ಖಂಡಿತ ಇದ್ದವರ ವಿಷಯಕ್ಕೆ ಯಾರು ಮೇಜು ಗುದ್ದುತ್ತಾರೆ?

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಹಂಪಮ್ಮ ಬಾಗಿಲಲ್ಲಿ ನಿಂತಿದ್ದಳು. ಬೇವು ಎಲ್ಲಿ ಎಂದು ಕೇಳಲಿಲ್ಲ. ತಾಯಿ ಬೆಳಿಗ್ಗೆಯಿಂದ ನೀರೂ ಒಲ್ಲೆ ಅಂದಿದ್ದಾಳೆ ಎಂದು ಪಿಸುಮಾತಿನಲ್ಲಿ ಹೇಳಿದಳು. ಕಾಲು ತೊಳೆದು ಒಳಗೆ ಹೋದೆ. ಹಾಸಿಗೆಯ ಪಕ್ಕ ಕೂತೆ. ಮುಖ ಗುರುತು ಸಿಗುವ ಹಾಗಿರಲಿಲ್ಲ. ಮಾತು ಗಂಟಲಿನಿಂದ ಗೊರಗೊರ ಎಂದು ಬಂತು.

"ಅತ್ತಿ, ನಾ ಸತ್ತೀನೇನು?"

ನಾನು ದೀಪವನ್ನು ಹತ್ತಿರ ಎಳೆದುಕೊಂಡೆ.

"ಕಣ್ಣು ಕಾಣವಲ್ದು. ಯಾರೂ ನನ್ನ ಹೆಸರು ಹಿಡಿದು ಕರಿಯವಲ್ರು. ನೀನೂ ಬೈಯವಲ್ಲಿ."

ಒಂಬತ್ತು ದಿನ ಆ ಹಾಸಿಗೆಯಲ್ಲಿ ಮಲಗಿ ಅವಳು ಲೆಕ್ಕ ಹಾಕಿದ್ದು ಇದು. ಅತ್ತೆ ರಿ ಹಚ್ಚಿ ಮಾತನಾಡುತ್ತಾಳೆ. ಯಾರೂ ಅಳುವುದಿಲ್ಲ. ಯಾರೂ ಇಲ್ಲ ಅನ್ನುವುದಿಲ್ಲ. ಹಾಗಾದರೆ ತನ್ನ ಕತೆ ಮುಗಿದಿದೆ. ಕಟ್ಟಳೆ ಅವಳಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಅದರೊಳಗೆ ಮಲಗುವುದು ಬೇರೆ.

ನಾನು ಬಟ್ಟಲು ತೆಗೆದುಕೊಂಡೆ. ಹಂಪಮ್ಮ ಬಾಗಿಲಲ್ಲೇ ಇದ್ದಳು. ನಾನು ಮಾಡಲಿರುವುದು ಏನು ಎಂದು ನನಗೆ ಪೂರ್ತಿ ಗೊತ್ತಿತ್ತು. ದೇವಿ ಇರುವುದು ನಿಜವಾದರೆ ಅವಳು ಮುನಿದು ಹುಡುಗಿಯನ್ನು ಒಯ್ಯುತ್ತಾಳೆ. ಒಯ್ದರೆ ಓಣಿಯಲ್ಲಿ ಯಾರೂ ನನ್ನ ಕೈಯಿಂದ ನೀರು ಮುಟ್ಟುವುದಿಲ್ಲ. ಬಸಣ್ಣ ನನ್ನನ್ನು ಅವ್ವ ಅನ್ನುವುದಿಲ್ಲ. ಗೊತ್ತಿದ್ದೇ ಬಾಯಿ ತೆರೆದೆ.

"ಲೇ ನೀಲಿ, ಸತ್ತಾಕಿ ಸಲುವಾಗಿ ನಾ ಬಳ್ಳಾರಿಯಿಂದ ನಡಕೊಂತ ಬರ್ತೀನೇನು? ಕಾಲಾಗ ಬೊಕ್ಕಿ ಎದ್ದಾವ. ಒಲ್ಲೆ ಅನ್ನಾಕ ನೀ ಯಾವ ದೇಶದ ರಾಣಿ? ರೊಟ್ಟಿ ಬಡಿದ್ರ ಅಂಚು ಹಸಿ, ಅಂಗಳ ಸಾರಿಸಿದ್ರ ಅರ್ಧ. ಸಾಯೋದನ್ನೂ ಅರ್ಧ ಮಾಡಿ ಮಲಗೀದಿ. ಬಾಯಿ ತಗಿ. ಗಂಜಿ ಕುಡಿಯೋದನ್ನೂ ಕಲಿಸಿ ಕಳಿಸಿಲ್ಲ ನಿಮ್ಮವ್ವ."

ಆ ಬಾತ ತುಟಿ ಅಲುಗಿತು.

"ನಮ್ಮವ್ವನ ಸುದ್ದಿ ತಗೀಬ್ಯಾಡ. ನಮ್ಮವ್ವ ಮಾಡಿದ ಸಾರು ಉಂಡು ಕೈ ನೆಕ್ಕಿದಾಕಿ ನೀನು."

ನಾನು ನಕ್ಕೆ.

ಅಮ್ಮ ಬಂದ ಮನೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ, ಗಟ್ಟಿಯಾಗಿ. ನಿಲ್ಲಿಸಲು ಆಗಲಿಲ್ಲ. ಮದುವೆಯ ಮಾತಿಗೆ ಸಿರುಗುಪ್ಪಕ್ಕೆ ಹೋದಾಗ ಆ ಸಾರು ಉಂಡು ಕೈ ನೆಕ್ಕಿದ್ದು ನಿಜ. ನಗುತ್ತಲೇ ಬಟ್ಟಲು ಬಾಯಿಗೆ ಹಿಡಿದೆ. ಅವಳು ಸಿಟ್ಟಿಗೆ ನುಂಗಿದಳು. ಹುಣ್ಣಾದ ಗಂಟಲು, ನುಂಗುವಾಗ ಇಡೀ ಮೈ ಬಿಗಿಯಿತು. ನಾಲ್ಕು ಗುಟುಕು. ಮುಚ್ಚಿದ ರೆಪ್ಪೆಗಳ ಅಂಚಿನಿಂದ ನೀರು ಬಂತು. ಅಳ್ತೀಯಾ ಅಳು, ಕುಡ್ಕೊಂತ ಅಳು ಅಂದೆ. ಇನ್ನೆರಡು ಗುಟುಕು ಹೋಯಿತು.

ಹಂಪಮ್ಮ ನೆಲಕ್ಕೆ ಹಣೆ ಹಚ್ಚಿದಳು. ಎದ್ದು ಬಂದು ನನ್ನ ಮುಂದೆ ನಿಂತಳು. ಸಿಟ್ಟು ಮಾಡುವ ಹಾಗಿಲ್ಲವಲ್ಲ, ಕೈಮುಗಿದುಕೊಂಡೇ, ದನಿ ಎತ್ತದೇ ಹೇಳಿದಳು.

"ಈರಮ್ಮಾ, ಈಕಿ ಹೋದ್ರ ಕೊಂದಾಕಿ ನೀನು."

"ಹೂಂ ಅಕ್ಕಾ. ನಾನೇ."

ಅಷ್ಟು ಮೆತ್ತಗೆ ಯಾರೂ ನನ್ನನ್ನು ಕೊ‍ಲೆಗಾರ್ತಿ ಅಂದಿರಲಿಲ್ಲ. ಹಂಪಮ್ಮ ಅಂದಿನಿಂದ ಹೊರಗಿನ ಪಡಸಾಲೆಯಲ್ಲಿ ಮಲಗಿದಳು. ದಿನಕ್ಕೆರಡು ಸಲ ನನ್ನ ಹೆಸರಿನಲ್ಲಿ ದೇವಿಗೆ ತಪ್ಪುಕಾಣಿಕೆ ಮುಡಿಪು ಕಟ್ಟುತ್ತಿದ್ದಳು. ನಾನು ಬೇಡ ಅನ್ನಲಿಲ್ಲ.

ಆಮೇಲೆ ನನಗೆ ಒಂದು ಕಷ್ಟ ಶುರುವಾಯಿತು. ದಿನಕ್ಕೆ ಐದಾರು ಸಲ ಗಂಜಿ. ಐದಾರು ಸಲ ಬೈಯಬೇಕು. ಒಂದೂವರೆ ದಿನದಲ್ಲಿ ನನ್ನ ಸಿಟ್ಟು ಖಾಲಿಯಾಯಿತು. ಸುಮ್ಮನೆ ನಾಲಿಗೆಯಿಂದ ಬೈದರೆ ಅವಳಿಗೆ ತಿಳಿಯುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಎರಡು ವರ್ಷದ ಹಳೆಯ ತಪ್ಪುಗಳನ್ನೆಲ್ಲ ಹುಡುಕಿ ತೆಗೆದೆ. ಅವೂ ಮುಗಿದವು. ಕೊನೆಗೆ, ಲೇ, ನನಗೆ ಗೊತ್ತಿಲ್ಲದ್ದು ಏನಾದರೂ ಮಾಡಿದ್ದರೆ ಹೇಳು ಅಂದೆ. ಸ್ವಲ್ಪ ಯೋಚಿಸಿ, ಮಾವಿನ ಉಪ್ಪಿನಕಾಯಿಯ ಜಾಡಿ ಒಡೆದದ್ದು ಬೆಕ್ಕು ಅಲ್ಲ ಅಂದಳು. ಅದು ನನ್ನ ತವರಿನ ಜಾಡಿ. ಆ ಬೆಕ್ಕನ್ನು ನಾನು ಊರಾಚೆ ಬಿಟ್ಟು ಬಂದಿದ್ದೆ. ನನಗೆ ನಿಜವಾಗಿ ಮೈ ಉರಿಯಿತು. ಬಾಯಿಗೆ ಬಂದ ಹಾಗೆ ಬೈದೆ. ಅವತ್ತು ಬಟ್ಟಲು ಪೂರಾ ಖಾಲಿಯಾಯಿತು.

ಹನ್ನೆರಡನೆಯ ದಿನ ಬೈಗಳೂ ನಡೆಯಲಿಲ್ಲ.

ಜ್ವರ ಮತ್ತೆ ಏರಿತು. ಕರೆದರೆ ಹೂಂ ಇಲ್ಲ, ಉಹೂಂ ಇಲ್ಲ. ಅವರವ್ವನನ್ನು ಬೈದೆ, ಅವರಪ್ಪನನ್ನು ಬೈದೆ. ತುಟಿ ಅಲುಗಲಿಲ್ಲ. ಹೊರಗೆ ಹಂಪಮ್ಮನ ಮಂತ್ರದಂಥ ಪ್ರಾರ್ಥನೆ ಕೇಳುತ್ತಿತ್ತು. ನನಗೆ ಹೆದರಿಕೆಯಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕಲ್ಲು ಅನ್ನಿಸಿಕೊಂಡವಳಿಗೆ ಇದು ಐವತ್ತು ವರ್ಷದ ಮೇಲೆ ಬಂದದ್ದು. ಆ ಹೆದರಿಕೆಯೇ ನನ್ನನ್ನು ಎಬ್ಬಿಸಿ ಕೂರಿಸಿತು. ಶುದ್ಧ ಬಟ್ಟೆಯ ತುಂಡನ್ನು ನೀರಿನಲ್ಲಿ ಅದ್ದಿ, ತುಟಿಯ ಮೂಲೆಗೆ ಹಿಡಿದು ಹಿಂಡಿದೆ. ಒಂದು ಹನಿ. ಗಂಟಲು ಅಲುಗುವ ತನಕ ಕಾಯ್ದು ಇನ್ನೊಂದು ಹನಿ. ಬೆಳಿಗ್ಗೆ ಹಿಡಿದವಳು ಸೂರ್ಯ ಮುಳುಗುವ ತನಕ ಬಿಡಲಿಲ್ಲ. ಎರಡು ಚೆಂಬು ನೀರು ಹಾಗೆ ಒಳಗೆ ಹೋಯಿತು. ಹೆದರಿಕೆ ಇರದಿದ್ದರೆ ನಾನು ಮಧ್ಯಾಹ್ನವೇ ದೇವರ ಇಚ್ಛೆ ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದೆ. ನನ್ನ ವಯಸ್ಸಿಗೆ ಅದು ಸಹಜವೂ ಹೌದು.

ಮರುದಿನ ಮೈ ಬೆವರಿತು. ನೀರು ಕೇಳಿದಳು. ಅವಳೇ ಕೇಳಿದಳು.

ಆಮೇಲೆ ಗುಳ್ಳೆಗಳು ಒಣಗಿ ಕಪ್ಪಾದವು. ಬೋರಿಕ್ ನೀರು ಹಾಕಿ ಹಾಕಿ ರೆಪ್ಪೆ ಬಿಡಿಸಿದೆ. ಎಡಗಣ್ಣು ತೆರೆಯಿತು, ಕಂಡಿತು. ಬಲಗಣ್ಣು ತೆರೆಯಿತು, ಕಾಣಲಿಲ್ಲ. ಬಿಳಿಯ ಪೊರೆ ಕೂತಿತ್ತು. ಎಂಟು ದಿನ ಮೊದಲೇ ಬಳ್ಳಾರಿಗೆ ಹೋಗಿದ್ದರೆ ಅದೂ ಉಳಿಯುತ್ತಿತ್ತೋ ಏನೋ. ಈ ಒಂದು ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಚುಚ್ಚಲಿ. ಚುಚ್ಚದಿದ್ದರೆ ನಾಳೆ ಇನ್ನೊಬ್ಬರ ಮನೆಯಲ್ಲಿ ಇದೇ ತಪ್ಪು ಆಗುವಾಗ ನಾನು ಸುಮ್ಮನೆ ಕೂರುತ್ತೇನೆ. ಅಲ್ಲಿಂದೀಚೆಗೆ ನಾನು ಸುಮ್ಮನೆ ಕೂತಿಲ್ಲ. ಓಣಿಯಲ್ಲಿ ಮಗು ಹುಟ್ಟಿದರೆ ಚುಚ್ಚುವವರಿಗೆ ಹೇಳಿ ಕಳಿಸುವವಳು ನಾನೇ. ಕಣಜದ ಹಿಂದೆ ಬಚ್ಚಿಟ್ಟರೆ ಕೈ ಹಿಡಿದು ಎಳೆದು ತರುವವಳೂ ನಾನೇ. ನನಗೆ ಆಗ ಬರುವ ಸಿಟ್ಟಿಗೆ ಗಂಡಸರೂ ಎದುರು ನಿಲ್ಲುವುದಿಲ್ಲ.

ಅಯ್ಯನವರಿಗೆ ನಾನು ಹೇಳಬೇಕಾದದ್ದು ಇಷ್ಟೇ. ನನಗೆ ಈಗಲೂ ಅಳು ಬರುವುದಿಲ್ಲ, ಅದು ನನ್ನ ಮೈಯ ಗುಣ. ಆದರೆ ಅಳು ಬರದವಳು ನಾನು ಒಬ್ಬಳಿದ್ದರೆ ಸಾಕು. ಮನೆಮಂದಿಯೆಲ್ಲ ಹಾಗಾದರೆ ಮಲಗಿದವಳಿಗೆ ತಾನು ಬದುಕಿದ್ದೇನೆ ಎಂದು ಹೇಳುವವರು ಯಾರು? ಸಿಟ್ಟು, ದುಃಖ, ಹೆದರಿಕೆ ಇಲ್ಲದ ಆ ಮನೆಯಲ್ಲಿ ನೋವು ಇರಲಿಲ್ಲ ಎಂದಲ್ಲ. ನೋವು ಹಾಸಿಗೆಯ ಮೇಲೆ ಒಬ್ಬಳದೇ ಆಗಿತ್ತು, ಅಷ್ಟೇ. ಮುಂದಿನ ಪುರಾಣಕ್ಕೆ ಹೋದಾಗ ಎದ್ದು ನಿಂತು ಹೇಳಬೇಕು ಎಂದಿದ್ದೇನೆ. ಹೇಳುತ್ತೇನೆ.

ಇಪ್ಪತ್ತೊಂದನೆಯ ದಿನ ಹಂಪಮ್ಮ ಅಮ್ಮನನ್ನು ಕಳಿಸುವ ಶಾಸ್ತ್ರ ಮಾಡಿದಳು. ಬೇವಿನ ನೀರು ಹಾಕಿ ಮೈ ತೊಳೆದಳು. ಮೊಸರನ್ನ, ಬಳೆ, ಅರಿಸಿನ ಕುಂಕುಮ ಮೊರದಲ್ಲಿಟ್ಟು ಊರ ಗಡಿಗೆ ಹೋಗಿ ಇಟ್ಟು ಬಂದಳು. ಬಂದವಳು, ತಾಯಿ ನಿನ್ನನ್ನು ಕ್ಷಮಿಸಿದ್ದಾಳೆ ಅಂದಳು. ಆಕಿ ದೊಡ್ಡಾಕಿ ಅಂದೆ. ಜಗಳ ಮಾಡಲಿಲ್ಲ. ಹಂಪಮ್ಮನಿಗೆ ಹುಡುಗಿ ಉಳಿದದ್ದು ದೇವಿಯಿಂದ. ನನಗೆ, ನಾನು ಹೆಸರನ್ನೂ ಕೇಳಿರದ ಆ ಡಾಕ್ಟರಿಂದ, ನನ್ನ ನಾಲಿಗೆಯಿಂದ. ಎರಡೂ ಒಂದೇ ಮನೆಯಲ್ಲಿ ಇರಬಹುದು.

ಅವತ್ತೇ ಮಧ್ಯಾಹ್ನ ಬಸಣ್ಣ ಬಂದ. ಒಳಗೆ ಹೋಗಿ ನೋಡಿದ. ಹೊರಗೆ ಬಂದು ಅಂಗಳದಲ್ಲಿ ನಿಂತ. ಆ ಮುಖ ಮತ್ತೆ ಗೋಡೆಯಾಗುವುದು ಕಂಡೆ. ಅಳಪ್ಪಾ, ಈಗ ಅಡ್ಡಿಯಿಲ್ಲ ಅಂದೆ. ಎರಡು ಅಂಡಿಗೆ ಒಟ್ಟಿಗೆ ಹೊರುವ ಗಂಡಸು ಹುಣಿಸೆ ಮರ ಹಿಡಿದುಕೊಂಡು ಅತ್ತ. ಮುಗಿಸಿಕೊಂಡು ಒಳಗೆ ಹೋಗಿ ಅವಳ ಹತ್ತಿರ ಕೂತ.

ನೀಲಮ್ಮ ಹಿತ್ತಾಳೆ ಪರಾತದಲ್ಲಿ ನೀರು ತುಂಬಿಸಿಕೊಂಡು ಮುಖ ನೋಡಿಕೊಂಡಳಂತೆ. ನಾನು ಹೋಗುವಷ್ಟರಲ್ಲಿ ಪರಾತ ಮಗುಚಿ ಬಿದ್ದಿತ್ತು, ನೆಲವೆಲ್ಲ ನೀರು.

"ಅತ್ತಿ, ನಾ ಹೆಂಗ ಕಾಣ್ತೀನಿ?"

"ನನ್ನಂಗ."

ಒಂದು ಕಣ್ಣಿನಿಂದ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅಳು ನಿಲ್ಲಲಿಲ್ಲ. ನಿಲ್ಲಿಸು ಅಂತ ನಾನೂ ಅನ್ನಲಿಲ್ಲ.

ಸಂಜೆ ಓಣಿಯ ಹೆಂಗಸರು ಬಂದರು. ಹುಡುಗಿಯನ್ನು ಯುಗಾದಿ ಕಳೆಯುವ ತನಕ ಒಳಗೇ ಇಡು ಅಂದರು. ಒಂದು ಕಣ್ಣು ಹೋದವಳು ಎದುರಿಗೆ ಬಂದರೆ ಶಕುನ ಸರಿಯಿಲ್ಲ ಅಂದರು. ಸಿರುಗುಪ್ಪಕ್ಕೆ ಕಳಿಸಿಬಿಡು, ಬಸಣ್ಣನಿಗೆ ಇನ್ನೂ ವಯಸ್ಸಿದೆ, ಇನ್ನೊಂದು ಹೆಣ್ಣು ನೋಡೋಣ ಎಂದೂ ಒಬ್ಬಳು ಹೇಳಿದಳು. ಅವಳಿಗೆ ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಓದುವವರಲ್ಲಿ ಹಿರಿಯರಿರುತ್ತಾರೆ. ಅದನ್ನು ಬರೆದರೆ ನನಗೆ ಅಕ್ಷರ ಕಲಿಸಿದವಳೂ ಒಪ್ಪುವುದಿಲ್ಲ. ಕಲಿಸಿದವಳು ನೀಲಮ್ಮನೇ. ಸಿರುಗುಪ್ಪದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು.

ಮರುದಿನ ಬೆಳಿಗ್ಗೆ ಎರಡು ಕೊಡ ಬೆಳಗಿದೆ. ಒಂದನ್ನು ಅವಳ ಸೊಂಟಕ್ಕೆ ಕೊಟ್ಟೆ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಅದನ್ನು ತೆಗೆದು ಹೆಗಲಿಗೆ ಹಾಕಿದೆ. ಹಿತ್ತಲ ದಾರಿಯಲ್ಲಿ ಹೋದರೆ ಬಾವಿ ಹತ್ತಿರ. ಆ ದಾರಿ ಬಿಟ್ಟು ಪೇಟೆಯ ಓಣಿ ಹಿಡಿದೆವು. ಅಂಗಡಿಗಳು ತೆರೆಯುತ್ತಿದ್ದವು, ಜನ ನಿಂತು ನೋಡಿದರು. ಅವಳನ್ನು ಮುಂದೆ ಬಿಟ್ಟು ನಾನು ಹಿಂದೆ ನಡೆದೆ. ಬಾವಿಯಲ್ಲಿ ಅವಳೇ ಹಗ್ಗ ಬಿಟ್ಟಳು, ಅವಳೇ ಸೇದಿದಳು. ಎರಡೂ ಕೊಡ ತುಂಬಿದ ಮೇಲೆ, ಅವಸರ ಮಾಡದೆ, ಹೋದ ಓಣಿಯಲ್ಲೇ ಮನೆಗೆ ಬಂದೆವು.